ಗೋಡೆಯೊಳಗೆ ಹೋಗುವ ತಂತಿ

ಕೊರೊನಾ ಮುಗಿದ ಮರುವರ್ಷ ನಾನು ಪುಣೆಯ ಭೋಸರಿಯಲ್ಲಿ, ನನ್ನ ತಂಗಿಯ ಮಗನ ಇಲೆಕ್ಟ್ರಿಕಲ್ ಅಂಗಡಿಯ ಕೌಂಟರಿನಲ್ಲಿ ಕೂಡುತ್ತಿದ್ದೆ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಅಲ್ಲಿಯೇ ಒಂದು ವಾಯರ್ ಕಾರ್ಖಾನೆಯಲ್ಲಿ ತಂತಿ ಸುತ್ತುವ ಕೆಲಸ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಂಕಿ ಗೊತ್ತು, ಅಕ್ಷರ ಕೂಡಿಸಿ ಓದಬಲ್ಲೆ. ತಾಮ್ರದ ವಿಷಯದಲ್ಲಿ ಮಾತ್ರ ನನಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ ಎಂದುಕೊಂಡಿದ್ದೆ.

ಮೇಘನಾ ಎಂಬ ಮೈಸೂರಿನ ಹೆಣ್ಣುಮಗಳು ಹತ್ತಿರದಲ್ಲೇ ಹಳೆಯ ಮನೆ ಕೊಂಡು ರಿಪೇರಿ ಮಾಡಿಸುತ್ತಿದ್ದಳು. ಅತ್ತೆ ಹಾಸಿಗೆ ಹಿಡಿದಿದ್ದರು. ಮನೆಯಿಂದಲೇ ಕೆಲಸ ಮಾಡಲು ಆಫೀಸಿನವರು ಒಂದು ತಿಂಗಳು ನೋಡೋಣ ಎಂದು ಒಪ್ಪಿದ್ದರು. ನಡುವೆ ನೆಟ್ ಕಡಿದರೆ ಆಫೀಸಿಗೆ ಮರಳಬೇಕು, ಇಲ್ಲವೇ ಕೆಲಸ ಬಿಡಬೇಕು. ಅತ್ತೆಯ ಕೋಣೆ ಹಿಂದುಗಡೆ. ದಪ್ಪ ಗೋಡೆ ದಾಟಿ ವೈಫೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೇ ಗೋಡೆಯಲ್ಲಿ ಸಣ್ಣ ಕಾಲುವೆ ಕೊರೆದು ಇಥರ್ನೆಟ್ ಕೇಬಲ್, ಅಂದರೆ ನೆಟ್ ಒಯ್ಯುವ ತಂತಿ, ಹಾಕಿಸುತ್ತಿದ್ದಳು. ಪೈಪು ಹಿಡಿಯುವಷ್ಟು ಜಾಗ ಕೊರೆದಿರಲಿಲ್ಲ. ತಂತಿಯ ಮೇಲೆ ನೇರವಾಗಿ ಪ್ಲಾಸ್ಟರ್. ಆ ಪ್ಲಾಸ್ಟರ್ ಶನಿವಾರಕ್ಕೆ ಗೊತ್ತಾಗಿತ್ತು. ಸೋಮವಾರ ಆಫೀಸಿನವರು ಕೊಟ್ಟ ಆ ಒಂದು ತಿಂಗಳು ಶುರು.

ಗುರುವಾರ ಸಾಕೆಟ್ ಕೊಳ್ಳಲು ಬಂದಳು. ಜೊತೆಗೆ ಇಲೆಕ್ಟ್ರಿಷಿಯನ್ ಸುರೇಶ, ಐವತ್ತು ದಾಟಿದ ಸೊಲ್ಲಾಪುರದವನು, ನನ್ನನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುವವನು. ಆನ್‌ಲೈನಿನಲ್ಲಿ ತರಿಸಿದ್ದ ಕೇಬಲ್ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟ. ಮುನ್ನೂರೈದು ಮೀಟರಿನ ಪೆಟ್ಟಿಗೆ; ಪಕ್ಕಕ್ಕೆ ಸರಿಸಲು ಹೋದರೆ ಒಂದೇ ಕೈಗೆ ಹಗುರಾಗಿ ಎದ್ದು ಬಂತು.

“ಇದು ತಾಮ್ರ ಅಲ್ಲ,” ಎಂದೆ.

ಸುರೇಶ ಚೀಲದಿಂದ ಮ್ಯಾಗ್ನೆಟ್ ತೆಗೆದು ತಂತಿಗೆ ಹಿಡಿದ. “ನೋಡ್ರಿ ಮಾವಶಿ, ಹಿಡೀತದೇನು? ಇಲ್ಲ. ಅಂದ್ರ ಪಕ್ಕಾ ತಾಮ್ರ.”

“ನಿಮ್ಮ ಮನ್ಯಾಗಿನ ಅಲ್ಯುಮಿನಿಯಂ ಪಾತೇಲಿಗೆ ಹಚ್ಚಿ ನೋಡು. ಅದಕ್ಕೂ ಹಿಡಿಯಾಂಗಿಲ್ಲ. ಹಂಗಾದ್ರ ಅದೂ ತಾಮ್ರೇನು?”

ಈ ಮ್ಯಾಗ್ನೆಟ್ ಹುಚ್ಚು ನಮ್ಮ ಕಡೆ ಎಲ್ಲರಿಗೂ. ಅದು ಕಬ್ಬಿಣ ಹೇಳುತ್ತದೆ, ಬೇರೇನೂ ಹೇಳುವುದಿಲ್ಲ. ಎಷ್ಟು ಸಲ ಹೇಳಿದರೂ ಮತ್ತೆ ಅದನ್ನೇ ತೆಗೆಯುತ್ತಾರೆ.

“ಬಾಕ್ಸ್ ಮೇಲೆ ಕ್ಯಾಟ್ ಸಿಕ್ಸ್ ಅಂತಿದೆಯಲ್ಲ ಆಂಟಿ? ರೇಟಿಂಗ್ ಕೂಡ ಚೆನ್ನಾಗಿದೆ,” ಎಂದಳು ಮೇಘನಾ.

“ರೇಟಿಂಗ್ ಕೊಟ್ಟಾವ್ರು ಸಿಪ್ಪಿ ಸುಲ್ದು ನೋಡ್ಯಾರೇನವ್ವಾ?”

ಬ್ಲೇಡಿನಿಂದ ಕೆರೆದೆ. ಮೇಲೆ ಕೆಂಪು, ಒಳಗೆ ಬಿಳಿ. ಅಲ್ಯುಮಿನಿಯಮ್ಮಿಗೆ ತಾಮ್ರದ ತೆಳು ಲೇಪ. ಕ್ಯಾಟ್ ಸಿಕ್ಸ್ ಎಂಬುದು ಕೇಬಲ್ಲಿನ ದರ್ಜೆ; ಪೆಟ್ಟಿಗೆಯ ಮೇಲೆ ಯಾರು ಬೇಕಾದರೂ ಅಚ್ಚು ಹಾಕಬಹುದು. ನಾಲ್ಕು ಸಲ ಅತ್ತಿತ್ತ ಬಗ್ಗಿಸಿದೆ, ತಂತಿ ಮುರಿಯಿತು. ಗೋಡೆಯೊಳಗೆ ಮುರಿದರೆ ಯಾರು ಹುಡುಕುತ್ತಾರೆ? ಕಲಿತವರು ಪೆಟ್ಟಿಗೆ ಓದುತ್ತಾರೆ, ತಂತಿ ನೋಡುವುದಿಲ್ಲ. ತಲೆ ಕೆಟ್ಟುಹೋಗಿತ್ತು ನನಗೆ. ನಮ್ಮ ಕಪಾಟಿನಿಂದ ಅಪ್ಪಟ ತಾಮ್ರದ ಕೇಬಲ್ ತೆಗೆದು, “ಇದನ್ನ ಹಾಕ್ರಿ, ಕಣ್ಣು ಮುಚ್ಚಿ,” ಎಂದು ಕೊಟ್ಟೆ.

ಶುಕ್ರವಾರ ಮಧ್ಯಾಹ್ನ ಇಬ್ಬರೂ ಮರಳಿ ಬಂದರು. ಸುರೇಶ ಒಂದು ತುಂಡನ್ನು ನನ್ನ ಮುಂದೆ ಎಸೆದ.

“ತಾಮ್ರ ಖರೇ ಅದ ಮಾವಶಿ. ಆದ್ರ ಒಳಗ ಕೂದಲಿನಂಥಾ ಎಳಿ ಅವ. ಸಾಕೆಟ್ಟಿನ ಹಲ್ಲಿಗೆ ಒಂದ ಗಟ್ಟಿ ತಂತಿ ಬೇಕು. ಇದು ಕುಂದ್ರಾಂಗಿಲ್ಲ, ಜಾರ್ತದ. ನನ್ನ ಮ್ಯಾಗ್ನೆಟ್ಟಿಗೆ ನಕ್ಕಿದ್ರಿ, ಈಗ ನಗ್ರಿ!”

“ಹಾಕೂ ಮುಂಚೆ ತುದಿ ಸುಲ್ದು ನೋಡಾಕ ಏನಾಗಿತ್ತು ನಿನಗ?”

“ನೀವು ಕೊಟ್ಟದ್ದಂತ ನೋಡ್ಲಿಲ್ಲ.”

ತುಂಡನ್ನು ಎತ್ತಿಕೊಂಡು ತುದಿ ಬಿಡಿಸಿ ನೋಡಿದೆ. ನಮ್ಮ ಕಾರ್ಖಾನೆ ಮಾಡುತ್ತಿದ್ದುದು ಮಿಕ್ಸರ್, ಇಸ್ತ್ರಿಗಳ ವಾಯರು. ದಿನಾ ಬಗ್ಗಿ ತಿರುಗುವ ವಾಯರಿಗೆ ಎಳೆ ಸಣ್ಣದಿದ್ದಷ್ಟೂ ಒಳ್ಳೆಯದು. ಆ ಲೆಕ್ಕವನ್ನೇ ಇಲ್ಲೂ ಹಿಡಿದೆ. ಗೋಡೆ ಅಲುಗುವುದಿಲ್ಲ. ಗೋಡೆಯೊಳಗಿನ ಕೇಬಲ್ಲಿಗೆ ಅದರ ಎಂಟೂ ತಂತಿ ಒಂಟಿ ಗಟ್ಟಿ ತಾಮ್ರದವೇ ಆಗಬೇಕು.

ಮೇಘನಾ ಬೈಯಲಿಲ್ಲ. “ಆಂಟಿ, ನಾಳೆ ಪ್ಲಾಸ್ಟರ್. ಗಾರೆಯವನು ಮತ್ತೆ ಹದಿನೈದು ದಿನ ಸಿಗಲ್ಲ. ಅತ್ತೇನ ಬಿಟ್ಟು ನಾನು ಆಫೀಸಿಗೆ ಹೋಗೋ ಹಾಗಿಲ್ಲ. ಏನ್ ಮಾಡ್ಲಿ ಈಗ?” ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಆಗಲೇ ಹೋಲ್‌ಸೇಲ್ ಅಂಗಡಿಗೆ ಹೋದೆ. ಮೂರು ಪೆಟ್ಟಿಗೆ ತೆರೆಸಿ, ಪ್ರತಿಯೊಂದರ ತುದಿ ಕೆರೆದು, ಬಗ್ಗಿಸಿ, ಸಾಕೆಟ್ಟಿನ ಹಲ್ಲಿಗೆ ಕೂಡಿಸಿ ನೋಡಿ ಒಂದನ್ನು ತಂದೆ. ಅಂಗಡಿಯವನ ಮುಖ ಕಪ್ಪಾಯಿತು. ಆಗಲಿ.

ಶನಿವಾರ ಮುಂಜಾನೆ ಅವಳ ಮನೆಗೇ ಹೋಗಿ ಸಿಮೆಂಟ್ ಚೀಲದ ಮೇಲೆ ಕೂತೆ. ಮೊದಲು ಹಿಂದಿನ ಕೋಣೆಯ ತಂತಿ. ಸುರೇಶ ಹೊಸ ಕೇಬಲ್ಲನ್ನು ಕಾಲುವೆಯಲ್ಲಿ ಎಳೆದು, ಎರಡೂ ತುದಿಗೆ ಸಾಕೆಟ್ ಕೂಡಿಸಿ ಟೆಸ್ಟರ್ ಹಚ್ಚಿದ. ಎಂಟು ತಂತಿಗೆ ಎಂಟು ದೀಪ. ಏಳು ಹತ್ತಿದವು, ಐದನೆಯದು ಹತ್ತಲಿಲ್ಲ.

“ಲಗೂ ಮಾಡ್ರಿ ಬಾಯಾರ, ಕಲಸಿದ ಮಾಲು ಗಟ್ಟಿ ಆಗಾಕತ್ತದ,” ಎಂದು ಗಾರೆ ಕೆಲಸದ ಗೌಂಡಿ ಕೂಗಿದ.

“ಆಗ್ಲಿ. ಎಂಟೂ ಹತ್ತದ ಗ್ವಾಡಿ ಮುಟ್ಟಿದ್ರ ನೋಡು,” ಎಂದೆ.

ಸುರೇಶ ತುದಿ ಕತ್ತರಿಸಿ ಮತ್ತೆ ಕೂಡಿಸಿದ. ಎಂಟೂ ಹತ್ತಿದವು. ಮೇಘನಾ ತಾನೇ ಎರಡು ಸಲ ಎಣಿಸಿದಳು, ಆಮೇಲೆ ಗೌಂಡಿಗೆ ದಾರಿ ಬಿಟ್ಟಳು.

ನೆಟ್ ಒಮ್ಮೆಯೂ ಕಡಿಯದೆ ಅವಳ ಆ ತಿಂಗಳು ಮುಗಿಯಿತು. ಈಗಲೂ ಅತ್ತೆಯ ಮಂಚದ ಪಕ್ಕದಲ್ಲೇ ಮೇಜು ಹಾಕಿಕೊಂಡು ಕೆಲಸ ಮಾಡುತ್ತಾಳೆ.

ನಾನು ಕಲಿತದ್ದು ಇಷ್ಟೇ. ಒಳ್ಳೆಯ ತಂತಿ ಎಂಬುದು ಎಲ್ಲೂ ಇಲ್ಲ. ಅದು ಇರುವ ಜಾಗಕ್ಕೆ ಒಳ್ಳೆಯದೋ ಕೆಟ್ಟದ್ದೋ, ಅಷ್ಟೇ. ಈಗ ಯಾರು ಕೇಬಲ್ ಕೇಳಿದರೂ ಎಲ್ಲಿಗೆ, ಏನಕ್ಕೆ, ಅಲುಗುತ್ತದೋ ಇಲ್ಲವೋ ಎಂದು ಕೇಳಿದ ಮೇಲೆಯೇ ಕಪಾಟಿಗೆ ಕೈ ಹಾಕುತ್ತೇನೆ. “ತಂತಿ ಕೊಡ್ರಿ ಅಂದ್ರ ಜಾತಕ ಕೇಳ್ತೀರಿ,” ಎಂದು ಗಿರಾಕಿಗಳು ಸಿಡುಕುತ್ತಾರೆ. ಸಿಡುಕಲಿ. ಗೋಡೆ ಒಡೆಯುವುದಕ್ಕಿಂತ ಅದು ಮೇಲು.