ಹಬ್ಬದ ಬಿಸಿನೀರು ಮಾಡಿದ ಪರೀಕ್ಷೆ

ಪರದೇಶದ ಬ್ಲ್ಯಾಕ್‌ಟೌನ್‌ನ ನಮ್ಮ ಬಾಡಿಗೆ ಮನೆಯಲ್ಲಿ ಹಂಡೆ ಇರಲಿಲ್ಲ. ಉಡುಪಿಯಿಂದ ಬಂದಿದ್ದ ನನ್ನ ಅತ್ತೆ ಅದಕ್ಕೆಲ್ಲ ಸೋಲುವವರಲ್ಲ. ದೀಪಾವಳಿಗೆ ನೀರು ತುಂಬುವ ಸಂಜೆ ಹಸಿರು ಪ್ಲಾಸ್ಟಿಕ್ ಬಕೆಟ್ಟಿಗೇ ಅರಿಸಿನ ಕುಂಕುಮ ಹಚ್ಚಿ, ಪಕ್ಕದ ಮನೆಯ ಬೇಲಿಯಿಂದ ಕೇಳದೆ ಕಿತ್ತು ತಂದ ಬಳ್ಳಿಯನ್ನು ಅದರ ಕೊರಳಿಗೆ ಸುತ್ತಿದರು.

ಆ ವರ್ಷವೆಲ್ಲ ನನಗೆ ವಿಚಿತ್ರ ಸುಸ್ತು. ದುಡಿದು ಬಂದವರ ಸುಸ್ತಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದು ತಲೆ ಬಾಚಲು ಕೈ ಎತ್ತಿದರೆ, ಆ ಕೈ ಬೇರೆ ಯಾರದೋ ಎನಿಸುವುದು. ರಕ್ತ ಪರೀಕ್ಷೆಯಲ್ಲಿ ಎಲ್ಲವೂ ಸರಿ. "ಸ್ವಲ್ಪ ವಾಕಿಂಗ್ ಮಾಡು, ಫ್ರೆಶ್ ಆಗ್ತೀ" ಎನ್ನುವುದು ಗಂಡನ ಔಷಧ. ಅತ್ತೆ ನನಗೆ ನೇರವಾಗಿ ಏನೂ ಹೇಳುತ್ತಿರಲಿಲ್ಲ, ಒಲೆಯ ಮೇಲಿನ ಕುಕ್ಕರಿಗೆ ಹೇಳುತ್ತಿದ್ದರು: "ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದಂತೆ." ಕುಕ್ಕರ್ ಸೀಟಿ ಹಾಕುತ್ತಿತ್ತು, ನಾನು ಹಲ್ಲು ಕಚ್ಚುತ್ತಿದ್ದೆ. ವಾಸಿಯಾಗುವುದಕ್ಕಿಂತ ಹೆಚ್ಚಾಗಿ ನನಗೆ ಬೇಕಿದ್ದದ್ದು, ಇದು ಸೋಮಾರಿತನವಲ್ಲ ಎಂದು ಯಾರಾದರೊಬ್ಬರು ನಂಬುವುದು. ಕೊನೆಕೊನೆಗೆ ನನಗೇ ನಂಬಿಕೆ ಹೋಗತೊಡಗಿತ್ತು.

ನರಕ ಚತುರ್ದಶಿಯ ಬೆಳಿಗ್ಗೆ ಅತ್ತೆ ನನ್ನನ್ನು ಬಾತ್‌ರೂಮಿನ ಸ್ಟೂಲಿನ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದರು. "ನಾಲ್ಕು ಚೆಂಬು ಬಿಸಿನೀರು ಬೀಳಲಿ, ನಿನ್ನ ಸುಸ್ತು ಎಲ್ಲಿಗೆ ಓಡ್ತದೆ ನೋಡು ಮಾರಾಯ್ತಿ."

ಹಬೆಯಾಡುವ ನೀರು ಮೈಮೇಲೆ ಬಿದ್ದಾಗ ಹಿತವೇ ಆಯಿತು. ಆಮೇಲೆ ಎದುರಿನ ಕನ್ನಡಿಯಂತೆಯೇ ನನ್ನ ಎಡಗಣ್ಣೂ ಮಸುಕಾಯಿತು. ಏಳಬೇಕೆಂದರೆ ಕಾಲು ನನ್ನ ಮಾತು ಕೇಳಲಿಲ್ಲ. ಸ್ಟೂಲಿನಿಂದ ಜಾರಿ ಟೈಲ್ಸ್ ಮೇಲೆ ಕುಸಿದೆ. "ಎಂತಾಯ್ತು? ಅಯ್ಯೋ, ಎಂತಾಯ್ತು?" ಎಂದು ಅತ್ತೆ ಮಗನನ್ನು ಕೂಗುತ್ತಿದ್ದರು. ತಣ್ಣನೆಯ ನೆಲದ ಮೇಲೆ ಒದ್ದೆ ಟವೆಲ್ ಹೊದ್ದು ಮಲಗಿದ್ದೆ. ಮೈ ತಣ್ಣಗಾದಂತೆ ಮೊದಲು ಕಣ್ಣು ತಿಳಿಯಾಯಿತು, ಆಮೇಲೆ ಕಾಲು ಬಂತು, ಏನೂ ಆಗಿಯೇ ಇಲ್ಲವೆಂಬಂತೆ.

ಸ್ಕ್ಯಾನ್ ಆದ ಮೇಲೆ ಮೂವರೂ ನಮ್ಮ ನಗರದ್ದೇ ಲಿವರ್‌ಪೂಲ್ ಬಡಾವಣೆಯ ನರತಜ್ಞರ ಮುಂದೆ ಕೂತೆವು. ಬಿಸಿನೀರಿನ ಕತೆ ಕೇಳಿ ಅವರು ಅತ್ತೆಯನ್ನು ನೋಡಿ ನಕ್ಕರು. ಸ್ಕ್ಯಾನ್ ಯಂತ್ರ ಬರುವ ಮುಂಚೆ ವೈದ್ಯರು ನನಗಿದ್ದಂಥ ಕಾಯಿಲೆಯ ಅನುಮಾನವಿದ್ದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಕಣ್ಣು ಕಾಲು ಸೋಲುತ್ತವೆಯೇ ಎಂದು ನೋಡುತ್ತಿದ್ದರಂತೆ. ಗಂಡ ಅದನ್ನು ತುಳುವಿನಲ್ಲಿ ಹೇಳಿದಾಗ ಅತ್ತೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದಿದೆ, ಮಿದುಳು ಕಳಿಸುವ ಸುದ್ದಿ ದಾರಿಯಲ್ಲೇ ಸೊರಗುತ್ತದೆ, ಬಿಸಿ ತಾಗಿದರೆ ಇನ್ನಷ್ಟು ಸೊರಗುತ್ತದೆ ಎಂದರು. ಆಗ ಮಿದುಳು ಸುಮ್ಮನಿರುವುದಿಲ್ಲವಂತೆ. ಬೇರೆ ಭಾಗಗಳನ್ನೂ ಕರೆದು, ಸುತ್ತುದಾರಿ ಹಿಡಿದು, ಹೇಗೋ ಕೈ ಎತ್ತಿಸುತ್ತದೆ. ತಲೆ ಬಾಚಲು ನನ್ನ ಮಿದುಳು ಪಡುವ ಪಾಡನ್ನು ತಮ್ಮ ಮಿದುಳು ಪಡುವುದಿಲ್ಲ ಎಂದರು ಡಾಕ್ಟರು. ಒಳಗಿನ ಉರಿಯೂತ, ಕೆಟ್ಟ ನಿದ್ದೆ, ಮನಸ್ಸಿನ ಭಾರ ಎಲ್ಲವೂ ಸುಸ್ತಿಗೆ ಸೇರುತ್ತವೆ, ಹೇಗೆ ಸೇರುತ್ತವೆಂದು ಪೂರ್ತಿ ನಮಗೂ ಗೊತ್ತಿಲ್ಲ ಎಂದು ಒಪ್ಪಿಕೊಂಡರು.

ಹೆದರಬೇಕಿತ್ತು. ಹೆದರಿಕೆ ಆಮೇಲೆ ಬೇಕಾದಷ್ಟು ಬಂತು. ಮೊದಲು ಬಂದದ್ದು ಬೆರಗು. ಕೂತು ಉಣ್ಣುವವಳೆಂದು ನನ್ನನ್ನು ನಾನೇ ಜರೆದುಕೊಂಡ ದಿನಗಳಲ್ಲೆಲ್ಲ, ನನಗೇ ಗೊತ್ತಿಲ್ಲದಂತೆ ನನ್ನೊಳಗೆ ಎಷ್ಟೊಂದು ದುಡಿಮೆ ನಡೆದಿತ್ತು! ಮನೆಗೆ ಬರುವ ರೈಲಿನಲ್ಲಿ ನನ್ನ ಬಲಗೈಯನ್ನೇ ನೋಡುತ್ತ ಕೂತಿದ್ದೆ. ಅತ್ತೆಯೂ ಅದನ್ನೇ ನೋಡುತ್ತಿದ್ದರು.

ಮರುವರ್ಷ ಹಬ್ಬಕ್ಕೆ ಅತ್ತೆ ಮತ್ತೆ ಬಂದಿದ್ದರು. ಅದೇ ಬಕೆಟ್ಟು, ಕದ್ದ ಅದೇ ಬಳ್ಳಿ. ನೆತ್ತಿಗೆ ಎಣ್ಣೆ ತಟ್ಟಿ, ಫ್ರಿಜ್ಜಿನಿಂದ ಐಸ್ ಟ್ರೇ ತಂದು ಹಬ್ಬದ ನೀರಿಗೆ ಬಡಿದು ಉದುರಿಸಿದರು. ಎಳೆಮಗುವಿಗೆ ನೀರೆರೆಯುವ ಮುಂಚೆ ಮಾಡುವಂತೆ ಮೊಣಕೈ ಅದ್ದಿ ನೋಡಿದರು.

"ಇನ್ನೂ ಸ್ವಲ್ಪ ಬೆಚ್ಚಗುಂಟು, ತಡಿ" ಎಂದು ಇನ್ನೊಂದು ಟ್ರೇ ತರಲು ಓಡಿದರು.