ಸೀಗಡಿ ಪರೀಕ್ಷೆಯ ಮೇಡಂ

ಮೇಡಂ ಅವರ ಬೆರಳ ತುದಿಗಳು ಸದಾ ಸುಕ್ಕುಗಟ್ಟಿ ಬಿಳಿಚಿಕೊಂಡಿರುತ್ತಿದ್ದವು. ದಿನವಿಡೀ ರಬ್ಬರ್ ಗ್ಲೌಸ್ ಒಳಗೆ ಬೆವೆತ ಬೆರಳುಗಳು. ವೈರಸ್ ಪತ್ತೆಮಾಡುವ ಪಿಸಿಆರ್ ಯಂತ್ರ ಓಡುವಾಗ ಅವು ಮೇಜು ಕುಟ್ಟುತ್ತಿದ್ದವು. ಆಮೇಲೆ ವರಾಂಡದಲ್ಲಿ ತಿರುಗಾಟ. ಕಾಫಿ ತರಿಸುವರು, ಕುಡಿಯರು.

ದೊಡ್ಡಬಳ್ಳಾಪುರದಾಚೆಯ ಆ ಸಣ್ಣ ಲ್ಯಾಬಿನಲ್ಲಿ ಸಾಕಿದ ಸೀಗಡಿಗಳ ವೈರಸ್ ಪರೀಕ್ಷೆ ನಡೆಯುತ್ತಿತ್ತು. ಅವರು ಮುಖ್ಯಸ್ಥೆ, ನಾನು ಸಹಾಯಕಿ.

ಒಂದು ಬೇಸಿಗೆ ಹತ್ತಿರದ ಮಧುರೆ ಊರಿನ ರೈತರೊಬ್ಬರು ಆಂಧ್ರದಿಂದ ಸೀಗಡಿ ಮರಿ ತರಿಸಿ, ತೊಟ್ಟಿಯಲ್ಲಿಟ್ಟು, ಒಂದಿಷ್ಟನ್ನು ನಮಗೆ ಕೊಟ್ಟರು. ರೋಗವಿಲ್ಲವೆಂದರೆ ಮಾತ್ರ ಹೊಂಡಕ್ಕೆ ಬಿಡುವುದು. ಮರಿಗಳಲ್ಲಿ ವೈರಸ್ ಇದ್ದರೆ ಪರೀಕ್ಷೆಯ ಕೊನೆಗೆ ಹೊಳೆಯುವ ಗೆರೆಯೊಂದು ಕಾಣುತ್ತದೆ. ಗೆರೆ ಕಂಡಿತು. ಆದರೆ ತಾಳೆ ನೋಡಲೆಂದು ಬರೀ ನೀರು ಹಾಕಿದ್ದ ನಳಿಕೆಯಲ್ಲೂ ಕಂಡಿತು!

"ರೋಗ ಇದೆ ಅಂತ ಬರೆದುಕೊಟ್ಬಿಡಿ ಮೇಡಂ, ನಮ್ಮ ಮೇಲೇನೂ ಬರಲ್ಲ," ಎಂದರು ಲ್ಯಾಬಿನ ಮಾಲೀಕರು.

"ವೈರಸ್ ಇರೋದು ಅವರ ಮರೀಲೋ, ನಮ್ಮ ಲ್ಯಾಬಲ್ಲೋ? ಗೊತ್ತಿಲ್ದೆ ಹೆಂಗ್ ಬರೀಲಿ ಸಾರ್?"

ಮೇಡಂ ನೇರವಾಗಿ ಹೊರಗೆ ಕಾಯುತ್ತಿದ್ದ ರೈತರ ಬಳಿಗೆ ಹೋದರು. "ನಮ್ ಪರೀಕ್ಷೇನೇ ಕೆಟ್ಟೋಗಿದೆ ಗೌಡ್ರೇ. ನಾಳೆವರೆಗೂ ಟೈಮ್ ಕೊಡಿ."

"ಅಷ್ಟೊತ್ತಿಗೆ ತೊಟ್ಟೀಲೇ ಸತ್ತೋದ್ರೆ? ಬಿಡ್ಲಾ, ಬೇಡ್ವಾ, ಒಂದ್ಮಾತು ಹೇಳ್ಬಿಡಿ ಮೇಡಂ."

"ಇನ್ನೂ ಗೊತ್ತಿಲ್ಲ ಗೌಡ್ರೇ," ಎಂದರು.

ಮೇಜುಗಳನ್ನೆಲ್ಲ ತೊಳೆದೆವು. ತೆರೆದಿದ್ದ ರಾಸಾಯನಿಕಗಳನ್ನು ಎಸೆದೆವು. ಮರುದಿನ ಬೇರೆ ಕೋಣೆಯಲ್ಲಿ ಮೊದಲಿನಿಂದ ಶುರು. ಯಂತ್ರ ನಿಲ್ಲುವವರೆಗೂ ಮೇಡಂ ತಿರುಗಿದ್ದು ನೋಡಿ ನನಗೇ ತಲೆ ಸುತ್ತು ಬಂತು. ಈ ಸಲ ನೀರಿನ ನಳಿಕೆಯಲ್ಲಿ ಏನೂ ಇಲ್ಲ. ಮರಿಗಳದ್ದರಲ್ಲಿ ಗೆರೆ ಸ್ಪಷ್ಟವಾಗಿತ್ತು. ಲ್ಯಾಬಿನ ಮಾನ ಉಳಿಯಿತೆಂದು ನಾನು ಉಸಿರು ಬಿಟ್ಟೆ. ಮೇಡಂ ಸ್ಟೂಲಿನ ಮೇಲೆ ಕುಸಿದರು. "ಇಲ್ಲ ಅಂತ ಬರ್ಲಿ ಅನ್ಕೊಂಡಿದ್ದೆ ಕಣೇ."

ವರದಿ ಹಿಡಿದು ಅವರೇ ಮಧುರೆಗೆ ಹೊರಟರು, ನನ್ನನ್ನೂ ಕರೆದುಕೊಂಡು. ತೊಟ್ಟಿಗೆ ಬ್ಲೀಚಿಂಗ್ ಪುಡಿ ಸುರಿದು ಮರಿಗಳನ್ನು ಕೊಲ್ಲುವವರೆಗೂ ಬಿಸಿಲಲ್ಲೇ ನಿಂತಿದ್ದರು. ಗೌಡರು ಇವರತ್ತ ನೋಡಲೇ ಇಲ್ಲ. ನಾವು ಹೊರಡುವಾಗ ಮಾತ್ರ, ನೆಲ ನೋಡುತ್ತಾ, "ಮುಂದಿನ್ ಸಲ ಮರಿ ತರ್ಸೋಕ್ ಮುಂಚೇನೇ ಸ್ಯಾಂಪಲ್ ತಂದ್ಕೊಡ್ತೀನಿ. ನೀವೇ ನೋಡ್ಬೇಕು," ಎಂದರು.

ಹೋದ ವರ್ಷ ಹೃದಯಾಘಾತ ಮೇಡಂ ಅವರನ್ನು ಕೊಂಡೊಯ್ದಿತು. ಈಗ ವರದಿಗೆ ಸಹಿ ಹಾಕುವವಳು ನಾನು. ಯಂತ್ರ ಇನ್ನೂ ಓಡುತ್ತಿರುವಾಗಲೇ ರೈತರ ಫೋನುಗಳು ಬರುತ್ತವೆ. ಏನಾದರೊಂದು ಹೇಳಿ ಮುಗಿಸಿಬಿಡೋಣ ಎಂದು ನಾಲಿಗೆ ತುದಿಗೆ ಬರುತ್ತದೆ.

"ಇನ್ನೂ ಗೊತ್ತಿಲ್ಲ," ಎನ್ನುತ್ತೇನೆ. "ಗೊತ್ತಾದ ಕೂಡ್ಲೇ ನಾನೇ ಫೋನ್ ಮಾಡ್ತೀನಿ."