ಬ್ರೇಕಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ನಾನು ಮರಾಠಿ ನಾಡಿನ ಸಾಸವಡದ ಶಾಲೆಯೊಂದರಲ್ಲಿ ಟೀಚರ್. ಮನೆ ಹಡಪಸರದಲ್ಲಿ. ಶಾಲೆಗೆ ಹೋಗುವಾಗ ಕಾರಿನಲ್ಲಿ ಘಾಟು ಹತ್ತಬೇಕು, ಬರುವಾಗ ಇಳಿಯಬೇಕು. ಅದೇ ಶಾಲೆಯಲ್ಲಿ ಓದುವ ಆರು ವರ್ಷದ ಮಗಳು ಹಿಂದಿನ ಸೀಟಿನಲ್ಲಿರುತ್ತಾಳೆ. ಒಂದು ವಾರದಿಂದ ಅವಳದ್ದು ಒಂದೇ ರಾಗ: "ಅಮ್ಮಾ, ಬ್ರೇಕ್ ಹಾಕಿದ್ರೆ ಕಾರು ಅಳತ್ತೆ."

"ಸುಮ್ನೆ ಕೂತ್ಕೊಳೇ" ಎಂದು ಗದರಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ.

ಕೊನೆಗೆ ಆ ಕೀರಲು ಸದ್ದನ್ನು ನನಗೂ ತಡೆಯಲಾಗಲಿಲ್ಲ. ಮೈಸೂರಿನ ನನ್ನ ತವರುಮನೆಯಲ್ಲಿ ಬಾಗಿಲು ಕಿರುಗುಟ್ಟಿದರೂ ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ನು ಮುನಿಸಿಕೊಂಡರೂ ಕೊಬ್ಬರಿ ಎಣ್ಣೆ. ಭಾನುವಾರ ತಲೆಗೆ ಹಚ್ಚುವ ಬಾಟಲಿಯನ್ನೇ ತಂದು, ಸದ್ದು ಬರುತ್ತಿದ್ದ ಬಲಗಡೆಯ ಮುಂದಿನ ಚಕ್ರದ ಸಂದಿಯಿಂದ ಹೊಳೆಯುವ ಬ್ರೇಕ್ ಡಿಸ್ಕಿನ ಮೇಲೆ ಧಾರಾಳವಾಗಿ ಸುರಿದೆ. ಅಳು ನಿಂತಿತು. ನಾನು ಬೀಗಿದೆ. ಮರುದಿನ ಮನೆ ಬೀದಿಯಲ್ಲೇ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯಿತು. ಶಾಲೆಗೆ ರಜೆ ಹೇಳಿ ನೇರ ಗ್ಯಾರೇಜಿಗೆ ಹೋದೆ.

ಅಲ್ಲಿನ ಮಿಸ್ತ್ರಿ ಯಾದಗಿರಿ ಕಡೆಯವರು. ಎಣ್ಣೆಯ ವಿಷಯ ನಾನು ಬಾಯಿಬಿಡಲಿಲ್ಲ. ಅವರು ನಿಧಾನವಾಗಿ ಒಂದು ಸುತ್ತು ಓಡಿಸಿ ಬಂದು, ಮುಂದಿನ ಎರಡೂ ಚಕ್ರಗಳ ಹತ್ತಿರ ಮುಟ್ಟದೆ ಅಂಗೈ ಹಿಡಿದರು.

"ಎಡಗಡಿದು ಕಾದದ. ಬಲಗಡಿದು ತಣ್ಣಗ ಅದ. ಇದು ಹಿಡಿಯವಲ್ದು."

ಚಕ್ರ ಬಿಚ್ಚಿ, ಡಿಸ್ಕನ್ನು ಅಪ್ಪಿ ಹಿಡಿಯುವ ಪ್ಯಾಡನ್ನು ತೆಗೆದು ಮೂಸಿದರು. "ಯಾರ್ರಿ ಅಕ್ಕಾರ, ಇದಕ್ಕ ಕೊಬ್ಬರಿ ಎಣ್ಣಿ ಹಚ್ಚಿದವರು?"

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಅವರು ನಗಲಿಲ್ಲ. ಪ್ಯಾಡಿನ ಅಂಚಿನಲ್ಲಿದ್ದ ಉಗುರಿನಷ್ಟು ತಗಡನ್ನು ತೋರಿಸಿದರು. "ಪ್ಯಾಡ್ ಸವದು ಮುಗೀಲಿಕ್ಕ ಬಂತಂದ್ರ ಇದು ಡಿಸ್ಕಿಗೆ ತಾಗಿ ಕೂಗ್ತದ. ಕೂಗಲಿ ಅಂತನ ಇಟ್ಟಿರ್ತಾರ್ರಿ. ನೀವು ಅದರ ಬಾಯಿ ಮುಚ್ಚಿದ್ರಿ."

ಪ್ಯಾಡನ್ನು ಅಂಗೈಯಲ್ಲಿಟ್ಟುಕೊಂಡು ಆ ತಗಡನ್ನು ಬೆರಳಿನಿಂದ ಸವರಿ ನೋಡಿದೆ. ಯಾವುದೋ ಊರಿನ ಯಾರೋ, ನನ್ನಂಥ ಅವಸರದವಳೂ ಒಬ್ಬಳು ಇರುತ್ತಾಳೆ, ಅವಳ ಹಿಂದೆ ಒಂದು ಮಗು ಕೂತಿರುತ್ತದೆ ಎಂದು ಮೊದಲೇ ಯೋಚಿಸಿ ಇದನ್ನು ಅಲ್ಲಿ ಕೂರಿಸಿದ್ದರು. ಇಲ್ಲಿ ಇನ್ನೊಬ್ಬರು ಬರೀ ಅಂಗೈಯಿಂದ, ಮೂಗಿನಿಂದ ನನ್ನ ತಪ್ಪನ್ನು ಓದಿಬಿಟ್ಟಿದ್ದರು.

ಮಿಸ್ತ್ರಿ ಡಿಸ್ಕಿನ ಜಿಡ್ಡನ್ನು ಎರಡು ಸಲ ತೊಳೆದು ತೆಗೆದರು. ಎರಡೂ ಕಡೆ ಹೊಸ ಪ್ಯಾಡ್ ಹಾಕಿ, ಪೆಡಲು ಗಟ್ಟಿಯಾಗುವವರೆಗೆ ಒತ್ತಿ ನೋಡಿದರು.

ಮರುದಿನ ಸಂಜೆ ಘಾಟು ಇಳಿಯುವಾಗ ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಕಾರು ಎಳೆಯಲಿಲ್ಲ, ಕೂಗಲಿಲ್ಲ. ಆದರೂ ರೇಡಿಯೋ ಆಫ್ ಮಾಡಿ, ಹಿಂದಿನ ಸೀಟಿನವಳನ್ನು ಕೇಳಿದೆ: "ಏನಾದ್ರೂ ಕೇಳಿಸ್ತಿದ್ಯಾ, ಕಂದಾ?"